ಕಟಕಟೆಯಲ್ಲಿ ಕಲಿತ ಕಾನೂನು: ಇತಮಾರ್ ಬೆನ್-ಗ್ವಿರ್ ಪೊಲೀಸ್ ಮಂತ್ರಿಯಾದ ದಾರಿ

ಇಸ್ರೇಲಿನ ರಾಷ್ಟ್ರೀಯ ಭದ್ರತಾ ಸಚಿವ ಇತಮಾರ್ ಬೆನ್-ಗ್ವಿರ್ ಬಗ್ಗೆ ನಮಗೆ ಸಿಗುವ ಸುದ್ದಿ ಹೆಚ್ಚಾಗಿ ಒಂದೇ ಥರ ಇರುತ್ತದೆ. ಜೆರುಸಲೇಮಿನ ಅಲ್-ಅಕ್ಸಾ ಮಸೀದಿಯ ಆವರಣಕ್ಕೆ ಹೋದರು, ಗಲಾಟೆಯಾಯಿತು. ಏನೋ ಹೇಳಿಕೆ ಕೊಟ್ಟರು, ನಾಲ್ಕು ದೇಶಗಳು ಖಂಡಿಸಿದವು. ಹೀಗೆ ಬಿಡಿಬಿಡಿಯಾಗಿ ಓದಿದರೆ ಬಾಯಿಗೆ ಬಂದಂತೆ ಮಾತಾಡುವ ಇನ್ನೊಬ್ಬ ರಾಜಕಾರಣಿ ಅಂತ ಅನಿಸಿ ಮುಂದಿನ ಸುದ್ದಿಗೆ ಹೋಗಿಬಿಡುತ್ತೇವೆ. ಆದರೆ ಈ ಮನುಷ್ಯ ವೃತ್ತಿಯಿಂದ ವಕೀಲ, ಅದೂ ತಮ್ಮ ಕಡೆಯವರಲ್ಲಿ ತುಂಬಾ ಬೇಡಿಕೆಯಿದ್ದ ವಕೀಲ. ಯಾವ ಮಾತು ಶಿಕ್ಷೆಗೆ ಒಳಗಾಗುತ್ತದೆ, ಯಾವುದು ಕೂದಲೆಳೆಯಲ್ಲಿ ಪಾರಾಗುತ್ತದೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಇದನ್ನು ಬಿಟ್ಟು ಅವರನ್ನು ಅರ್ಥ ಮಾಡಿಕೊಳ್ಳಲು ಹೋದರೆ ಅರ್ಧವೂ ಅರ್ಥವಾಗುವುದಿಲ್ಲ.

ನನ್ನ ವಾದ ಇಷ್ಟೇ. ಬೆನ್-ಗ್ವಿರ್ ಅವರನ್ನು ಬೆಳೆಸಿದ್ದು ಬರೀ ದ್ವೇಷದ ರಾಜಕಾರಣ ಅಲ್ಲ. ಆರೋಪಿಗೂ ಹಕ್ಕಿದೆ, ನಮಗೆ ಹಿಡಿಸದ ಮಾತು ಆಡುವವನಿಗೂ ಹಕ್ಕಿದೆ ಅಂತ ನಂಬುವ ನ್ಯಾಯ ವ್ಯವಸ್ಥೆಯೂ ಅವರನ್ನು ಬೆಳೆಸಿದೆ. ಆ ಹಕ್ಕುಗಳನ್ನು ಅವರು ಒಂದೊಂದಾಗಿ ಬಳಸಿಕೊಂಡರು, ಅದರಲ್ಲಿ ತಪ್ಪೂ ಇಲ್ಲ. ಮಂತ್ರಿಯಾದ ಮೇಲೆ ಅವೇ ಹಕ್ಕುಗಳನ್ನು ಬೇರೆಯವರಿಂದ ಕಿತ್ತುಕೊಳ್ಳಲು ಹೊರಟಿದ್ದಾರೆ. ನನಗೆ ಕಾಣುವ ತೊಂದರೆ ಅಲ್ಲಿದೆ.

ಅವರು ಹುಟ್ಟಿದ್ದು 1976ರ ಮೇ 6ರಂದು, ಜೆರುಸಲೇಮ್ ಪಕ್ಕದ ಮೆವಸೆರೆತ್ ಜಿಯೋನ್ ಎಂಬ ಊರಲ್ಲಿ. ಅಪ್ಪನ ಕಡೆಯವರು ಇರಾಕ್ ಮೂಲದ ಯೆಹೂದಿಗಳು, ಅಮ್ಮ ಕುರ್ದಿಶ್ ಯೆಹೂದಿ. ಮನೆಯಲ್ಲಿ ಅಂಥ ಕಟ್ಟಾ ಮಡಿವಂತಿಕೆ ಏನೂ ಇರಲಿಲ್ಲ. ಹುಡುಗ ಹನ್ನೆರಡರ ಆಸುಪಾಸಿನಲ್ಲಿ ತಾನಾಗಿಯೇ ಧರ್ಮದ ಕಡೆ ವಾಲಿದ. ಅದು 1987ರ ಕೊನೆಯಲ್ಲಿ ಶುರುವಾದ ಮೊದಲ ಇಂತಿಫಾದಾದ, ಅಂದರೆ ಇಸ್ರೇಲ್ ವಿರುದ್ಧ ಪ್ಯಾಲೆಸ್ಟೀನಿಯನ್ನರ ದಂಗೆಯ ಕಾಲ. ಬೀದಿಯಲ್ಲಿ ಕಲ್ಲು, ಬೆಂಕಿ, ಗುಂಡು, ಟಿವಿಯಲ್ಲೂ ಅದೇ. ಮೊದಲು ಮೊಲೆದೆತ್ ಎಂಬ ಬಲಪಂಥೀಯ ಪಕ್ಷದ ಯುವ ಘಟಕಕ್ಕೆ ಸೇರಿದ. ಅದೂ ಸಾಲದು ಅನಿಸಿ ರಬ್ಬಿ (ಯೆಹೂದಿ ಧರ್ಮಗುರು) ಮೀರ್ ಕಹಾನೆ ಕಟ್ಟಿದ 'ಕಾಖ್' ಸಂಘಟನೆಗೆ ಹೋದ.

ಕಹಾನೆ ಯಾರು ಅಂತ ಇಲ್ಲಿ ಸ್ವಲ್ಪ ಹೇಳಲೇಬೇಕು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿ ಇಸ್ರೇಲಿಗೆ ಬಂದ ರಬ್ಬಿ. ಅರಬರನ್ನು ದೇಶದಿಂದ ಹೊರಹಾಕಬೇಕು, ಯೆಹೂದಿಗಳೂ ಯೆಹೂದಿಗಳಲ್ಲದವರೂ ಮದುವೆಯಾಗದಂತೆ ಕಾನೂನು ತರಬೇಕು ಅಂತ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದವರು. 1984ರಲ್ಲಿ ಇಸ್ರೇಲಿನ ಸಂಸತ್ತು ಕ್ನೆಸೆಟ್‌ಗೆ ಒಂದೇ ಒಂದು ಸೀಟು ಗೆದ್ದು ಬಂದರು. ಅವರು ಮಾತಾಡಲು ಎದ್ದು ನಿಂತರೆ ಉಳಿದ ಸದಸ್ಯರು ಸಭೆಯಿಂದ ಹೊರನಡೆಯುತ್ತಿದ್ದರು. ಹಾಗೆ ಎದ್ದು ಹೋದವರಲ್ಲಿ ಬಲಪಂಥೀಯ ಲಿಕುಡ್ ಪಕ್ಷದ ನಾಯಕ ಯಿತ್ಜಾಕ್ ಶಮೀರ್ ಕೂಡ ಇದ್ದರು. 1985ರಲ್ಲಿ ಕ್ನೆಸೆಟ್ ತನ್ನ ಮೂಲ ಕಾನೂನಿಗೆ 7ಎ ಎಂಬ ಹೊಸ ಸೆಕ್ಷನ್ ಸೇರಿಸಿ, ಜನಾಂಗ ದ್ವೇಷಕ್ಕೆ ಪ್ರಚೋದನೆ ಕೊಡುವ ಪಕ್ಷ ಚುನಾವಣೆಗೆ ನಿಲ್ಲುವಂತಿಲ್ಲ ಅಂದಿತು. ಅದರಂತೆ 1988ರಲ್ಲಿ ಕಾಖ್ ಕಣದಿಂದ ಹೊರಬಿತ್ತು. 1990ರಲ್ಲಿ ನ್ಯೂಯಾರ್ಕಿನಲ್ಲಿ ಕಹಾನೆ ಅವರ ಕೊಲೆಯಾಯಿತು. 1994ರ ಫೆಬ್ರವರಿ 25ರಂದು ಕಹಾನೆಯ ಶಿಷ್ಯ, ವೈದ್ಯ ಬಾರುಕ್ ಗೋಲ್ಡ್‌ಸ್ಟೈನ್ ಹೆಬ್ರಾನಿನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದವರ ಮೇಲೆ ಗುಂಡು ಹಾರಿಸಿ 29 ಜನರನ್ನು ಕೊಂದ. ಆಮೇಲೆ ಇಸ್ರೇಲ್ ಸರ್ಕಾರ ಕಾಖ್ ಅನ್ನು ಭಯೋತ್ಪಾದಕ ಸಂಘಟನೆ ಎಂದು ಸಾರಿ ನಿಷೇಧಿಸಿತು.

ಗಮನಿಸಿ, ಆಗ ಬಲಪಂಥ ಎಡಪಂಥ ಅನ್ನದೆ ಎಲ್ಲರೂ ಸೇರಿ ಒಂದು ಗೆರೆ ಎಳೆದಿದ್ದರು. ಗೆರೆಯ ಆಚೆ ಇದ್ದವರ ನಡುವೆಯೇ ಈ ಹುಡುಗ ಬೆಳೆದ. ಎಷ್ಟರ ಮಟ್ಟಿಗೆ ಅಂದರೆ, ಎಲ್ಲರಿಗೂ ಕಡ್ಡಾಯವಾದ ಸೈನಿಕ ಸೇವೆಗೆ ಕೂಡ ಇವನನ್ನು ಸೇನೆ ತೆಗೆದುಕೊಳ್ಳಲಿಲ್ಲ. ಇವನ ರಾಜಕೀಯ ಹಿನ್ನೆಲೆ ನೋಡಿ ಬೇಡ ಅಂದಿತು.

ದೇಶಕ್ಕೆಲ್ಲ ಅವನ ಮುಖ ಪರಿಚಯವಾದದ್ದು 1995ರ ಅಕ್ಟೋಬರಿನಲ್ಲಿ. ಪ್ರಧಾನಿ ಯಿತ್ಜಾಕ್ ರಾಬಿನ್ ಪ್ಯಾಲೆಸ್ಟೀನಿಯನ್ನರ ಜೊತೆ ಓಸ್ಲೋ ಶಾಂತಿ ಒಪ್ಪಂದ ಮಾಡಿಕೊಂಡಿದ್ದರು, ಬಲಪಂಥೀಯರು ಬೀದಿಗಿಳಿದಿದ್ದರು. ಹತ್ತೊಂಬತ್ತರ ಈ ಹುಡುಗ ರಾಬಿನ್ ಅವರ ಕ್ಯಾಡಿಲಾಕ್ ಕಾರಿನಿಂದ ಕಿತ್ತು ತಂದ ಲಾಂಛನವನ್ನು ಕೈಯಲ್ಲಿ ಹಿಡಿದು ಟಿವಿ ಕ್ಯಾಮೆರಾ ಮುಂದೆ ನಿಂತ. ನಾವು ಅವರ ಕಾರಿನ ತನಕ ತಲುಪಿದ್ದೇವೆ, ಅವರನ್ನೂ ತಲುಪುತ್ತೇವೆ ಅಂದ. ಕೆಲವೇ ವಾರಗಳಲ್ಲಿ, ನವೆಂಬರ್ 4ರ ರಾತ್ರಿ, ಟೆಲ್ ಅವೀವ್‌ನಲ್ಲಿ ಶಾಂತಿ ಸಭೆ ಮುಗಿಸಿ ಬರುತ್ತಿದ್ದ ರಾಬಿನ್ ಅವರನ್ನು ಯಿಗಾಲ್ ಅಮೀರ್ ಎಂಬ ಕಾನೂನು ವಿದ್ಯಾರ್ಥಿ ಗುಂಡಿಟ್ಟು ಕೊಂದ. ಆ ಕೊಲೆಯಲ್ಲಿ ಬೆನ್-ಗ್ವಿರ್ ಪಾತ್ರ ಇರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಆ ವಿಡಿಯೊ ಇವತ್ತಿಗೂ ಇಸ್ರೇಲಿನಲ್ಲಿ ಅವರನ್ನು ಬಿಟ್ಟಿಲ್ಲ.

ಆಮೇಲಿನ ಹದಿನೈದು ವರ್ಷ ಪ್ರತಿಭಟನೆ, ಬಂಧನ, ಕೋರ್ಟು, ಮತ್ತೆ ಪ್ರತಿಭಟನೆ. ಅವರ ಮೇಲೆ ಬಿದ್ದ ಕೇಸುಗಳು 50ಕ್ಕೂ ಜಾಸ್ತಿ. ಅದರಲ್ಲಿ ಬಹುಪಾಲು ಬಿದ್ದುಹೋದವು. ಕೆಲವಲ್ಲಿ ಶಿಕ್ಷೆಯಾಯಿತು. ಮುಖ್ಯವಾದದ್ದು 2007ರ ತೀರ್ಪು: ಜನಾಂಗ ದ್ವೇಷಕ್ಕೆ ಪ್ರಚೋದನೆ ಮತ್ತು ಭಯೋತ್ಪಾದಕ ಸಂಘಟನೆಗೆ ಬೆಂಬಲ. ಅರಬ್ ಶತ್ರುವನ್ನು ಹೊರಹಾಕಿ, ಕಹಾನೆ ಹೇಳಿದ್ದು ಸರಿ ಎಂಬ ಫಲಕಗಳನ್ನು ಹಿಡಿದದ್ದಕ್ಕೆ ಆದ ಶಿಕ್ಷೆ ಅದು.

ಈ ಓಡಾಟದಲ್ಲಿ ಅವರು ತಮ್ಮ ಕೇಸುಗಳನ್ನು ತಾವೇ ವಾದಿಸುತ್ತಿದ್ದರು. ಸುಮ್ಮನೆ ಬಂಧಿಸಿದ್ದಾರೆ ಅಂತ ಪೊಲೀಸರ ಮೇಲೇ ಪರಿಹಾರದ ಮೊಕದ್ದಮೆ ಹೂಡಿ ಗೆದ್ದದ್ದೂ ಇದೆ. ಇಷ್ಟು ಚೆನ್ನಾಗಿ ವಾದ ಮಾಡುತ್ತೀರಲ್ಲ, ಕಾನೂನು ಓದಬಾರದೇ ಅಂತ ನ್ಯಾಯಾಧೀಶರೇ ಅವರಿಗೆ ಹೇಳಿದ್ದರಂತೆ. ಅವರು ಓನೋ ಅಕಾಡೆಮಿಕ್ ಕಾಲೇಜಿಗೆ ಸೇರಿ ಎಲ್‌ಎಲ್‌ಬಿ ಮುಗಿಸಿದರು. ಕ್ರಿಮಿನಲ್ ದಾಖಲೆ ಇರುವುದರಿಂದ ವಕೀಲರ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಇಸ್ರೇಲಿನ ವಕೀಲರ ಸಂಘ ತಡೆಯಿತು. ಅವರು ಬಿಡಲಿಲ್ಲ. ಮೇಲ್ಮನವಿ ಹಾಕಿದರು, ಬಾಕಿ ಇದ್ದ ಕೇಸುಗಳನ್ನು ಮುಗಿಸಿಕೊಂಡರು, ಪರೀಕ್ಷೆ ಬರೆದರು, 2012ರಲ್ಲಿ ವಕೀಲರಾದರು. ಈ ಭಾಗ ಓದುವಾಗ ನನಗೆ ಮೆಚ್ಚುಗೆಯೇ ಆಗುತ್ತದೆ. ತನ್ನನ್ನು ಹೊರಗಿಟ್ಟ ವ್ಯವಸ್ಥೆಯ ಬಾಗಿಲನ್ನು ಅದರದೇ ನಿಯಮ ಹಿಡಿದು ತಟ್ಟಿ ತೆರೆಸಿಕೊಂಡದ್ದು ಸಣ್ಣ ಸಾಧನೆ ಅಲ್ಲ.

ವಕೀಲರಾದ ಮೇಲೆ ಅವರ ಕಕ್ಷಿದಾರರು ಯಾರು? ಹೆಚ್ಚಿನವರು ಇಸ್ರೇಲ್ ಆಕ್ರಮಿಸಿಕೊಂಡಿರುವ ಪಶ್ಚಿಮ ದಂಡೆಯಲ್ಲಿ ಯೆಹೂದಿಗಳು ಕಟ್ಟಿಕೊಂಡ ವಸಾಹತುಗಳ ಹುಡುಗರು. ಪ್ಯಾಲೆಸ್ಟೀನಿಯನ್ನರ ಮೇಲೆ ಹಲ್ಲೆ, ಆಸ್ತಿಗೆ ಬೆಂಕಿ, ಮಸೀದಿ ಚರ್ಚುಗಳಿಗೆ ಹಾನಿ, ಇಂಥ ಆರೋಪ ಹೊತ್ತವರು. ಬೆಟ್ಟದ ಮೇಲಿನ ಅನಧಿಕೃತ ಶೆಡ್ಡುಗಳಲ್ಲಿ ವಾಸಿಸುವ ಈ ಹದಿಹರೆಯದವರನ್ನು ಪೊಲೀಸರು ಹಿಡಿದರೆ ಮೊದಲ ಫೋನ್ ಹೋಗುತ್ತಿದ್ದದ್ದು ಬೆನ್-ಗ್ವಿರ್ ಅವರಿಗೆ. ಅವರೂ ಹೆಬ್ರಾನಿಗೆ ಅಂಟಿಕೊಂಡಿರುವ ಕಿರ್ಯಾತ್ ಅರ್ಬಾ ವಸಾಹತಿನಲ್ಲೇ ಸಂಸಾರ ಹೂಡಿದ್ದರು. ಮನೆಯ ಹಾಲ್‌ನಲ್ಲಿ ಒಂದು ಫೋಟೊ ತೂಗುಹಾಕಿದ್ದರು. 29 ಜನರನ್ನು ಕೊಂದ ಅದೇ ಗೋಲ್ಡ್‌ಸ್ಟೈನ್‌ದು.

ಈ ವಕೀಲಿಕೆಯ ಕಾಲದ ಒಂದು ಕೇಸನ್ನು ಹತ್ತಿರದಿಂದ ನೋಡಬೇಕು. 2015ರ ಜುಲೈ 31ರ ನಸುಕಿನಲ್ಲಿ ಪಶ್ಚಿಮ ದಂಡೆಯ ದುಮಾ ಹಳ್ಳಿಯಲ್ಲಿ ದವಾಬ್ಶೆ ಕುಟುಂಬ ಮಲಗಿದ್ದ ಮನೆಗೆ ಬೆಂಕಿ ಬಾಂಬ್ ಬಿತ್ತು. ಹದಿನೆಂಟು ತಿಂಗಳ ಮಗು ಅಲಿ ಸುಟ್ಟು ಸತ್ತಿತು. ಅಪ್ಪ ಸಾದ್, ಅಮ್ಮ ರಿಹಾಮ್ ಮುಂದಿನ ವಾರಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಬದುಕಿ ಉಳಿದದ್ದು ನಾಲ್ಕು ವರ್ಷದ ಅಹ್ಮದ್ ಒಬ್ಬನೇ. ಯೆಹೂದಿ ಯುವಕರ ಬಂಧನವಾಯಿತು, ಆರೋಪಿಗಳ ಪರ ನಿಂತ ವಕೀಲರಲ್ಲಿ ಬೆನ್-ಗ್ವಿರ್ ಒಬ್ಬರು. ಅವರ ವಾದ ಹೀಗಿತ್ತು: ಆಂತರಿಕ ಗುಪ್ತಚರ ಸಂಸ್ಥೆ ಶಿನ್ ಬೆತ್ ಇವರಿಗೆ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದಿದೆ, ಹಿಂಸೆಯಿಂದ ಬಂದ ಮಾತು ಸಾಕ್ಷಿಯಲ್ಲ, ವಕೀಲರನ್ನು ಕಾಣಲು ಬಿಡದೆ ಕೂಡಿಹಾಕುವುದು ಅನ್ಯಾಯ. 2018ರಲ್ಲಿ ಲೋದ್ ಜಿಲ್ಲಾ ನ್ಯಾಯಾಲಯ ಕೆಲವು ತಪ್ಪೊಪ್ಪಿಗೆಗಳನ್ನು ಇದೇ ಕಾರಣಕ್ಕೆ ತಳ್ಳಿಹಾಕಿತು. ಮುಖ್ಯ ಆರೋಪಿ ಅಮಿರಾಮ್ ಬೆನ್-ಉಲಿಯೆಲ್‌ಗೆ ಉಳಿದ ಸಾಕ್ಷ್ಯದ ಮೇಲೆ 2020ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಅದು ಬೇರೆ ಮಾತು.

ಅಷ್ಟು ಘೋರ ಅಪರಾಧದ ಆರೋಪಿಯನ್ನೂ ಹಿಂಸಿಸಬಾರದು ಅನ್ನುವ ಆ ವಾದ ಸರಿಯಾದದ್ದೇ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಮುಂದೆ ಜೈಲುಗಳ ವಿಷಯಕ್ಕೆ ಬಂದಾಗ ಈ ಮಾತು ನೆನಪಿರಲಿ.

ಈಗ ರಾಜಕೀಯ. 2009ರಿಂದ 2013ರವರೆಗೆ ಅವರು ಮೈಕಲ್ ಬೆನ್-ಆರಿ ಎಂಬ ಸಂಸದರ ಸಹಾಯಕರಾಗಿದ್ದರು. ಆಮೇಲೆ ಕಹಾನೆಯ ಅನುಯಾಯಿಗಳು ಕಟ್ಟಿಕೊಂಡ ಒತ್ಸ್ಮಾ ಯೆಹೂದಿತ್ ಪಕ್ಷದಲ್ಲಿ ಮುಂದೆ ಬಂದರು. ಆ ಪಕ್ಷ ತನ್ನ ಪಾಡಿಗೆ ತಾನು ನಿಂತಾಗಲೆಲ್ಲ ಸೋತಿದೆ. 2019ರ ಸೆಪ್ಟೆಂಬರಿನಲ್ಲಿ ಬಿದ್ದ ಮತ ಶೇ. 1.88. 2020ರ ಮಾರ್ಚಿನಲ್ಲಿ ಶೇ. 0.42. ಅಂದರೆ ಇಸ್ರೇಲಿ ಮತದಾರರು ಇವರನ್ನು ಹೆಚ್ಚುಕಮ್ಮಿ ತಿರಸ್ಕರಿಸಿದ್ದರು. ಹಾಗಾದರೆ ಮೂರು ವರ್ಷದೊಳಗೆ ಮಂತ್ರಿಯಾದದ್ದು ಹೇಗೆ?

ಉತ್ತರದ ದೊಡ್ಡ ಭಾಗ ಲೆಕ್ಕಾಚಾರ. ಕ್ನೆಸೆಟ್‌ನಲ್ಲಿ 120 ಸೀಟು. ಇಡೀ ದೇಶವೇ ಒಂದು ಕ್ಷೇತ್ರ, ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲಿ ಸೀಟು ಹಂಚಿಕೆ. ಆದರೆ ಶೇ. 3.25 ಮತ ದಾಟದಿದ್ದರೆ ಸೊನ್ನೆ, ಬಿದ್ದ ಮತವೆಲ್ಲ ನೀರಿನಲ್ಲಿ ಹೋಮ. ಬಹುಮತಕ್ಕೆ 61 ಬೇಕು. ಭ್ರಷ್ಟಾಚಾರದ ಕೇಸು ಎದುರಿಸುತ್ತಿದ್ದ ಬೆಂಜಮಿನ್ ನೆತನ್ಯಾಹು ಅವರಿಗೆ 61 ಮುಟ್ಟುವುದು ಕಷ್ಟವಾಗಿತ್ತು, 2019ರಿಂದ 2022ರ ನಡುವೆ ದೇಶ ಐದು ಚುನಾವಣೆ ನೋಡಿತು. ಬಲಪಂಥದ ಒಂದೊಂದು ಸಣ್ಣ ಪಕ್ಷ ಶೇ. 3.25ರ ಕೆಳಗೆ ಬಿದ್ದಾಗಲೂ ನೆತನ್ಯಾಹು ಅವರಿಗೆ ಮೂರು ನಾಲ್ಕು ಸೀಟು ನಷ್ಟ. ಹಾಗಾಗಿ 2019ರ ಫೆಬ್ರವರಿಯಲ್ಲಿ ಅವರೇ ಮುಂದೆ ನಿಂತು ಒತ್ಸ್ಮಾ ಯೆಹೂದಿತ್ ಅನ್ನು ಬೇರೆ ಧಾರ್ಮಿಕ ಪಕ್ಷಗಳ ಅಭ್ಯರ್ಥಿ ಪಟ್ಟಿಗೆ ಸೇರಿಸಿದರು. ಅಮೆರಿಕದ ಪ್ರಬಲ ಇಸ್ರೇಲ್ ಪರ ಸಂಘಟನೆ ಎಐಪಿಎಸಿ ಕೂಡ, ಸಾಮಾನ್ಯವಾಗಿ ಇಸ್ರೇಲಿನ ಒಳ ರಾಜಕೀಯಕ್ಕೆ ಕೈ ಹಾಕದ ಸಂಸ್ಥೆ, ಆಗ ಬಹಿರಂಗವಾಗಿ ಬೇಸರ ತೋರಿಸಿತು. ಕಹಾನೆ ಮಾತಾಡಿದರೆ ಶಮೀರ್ ಎದ್ದು ಹೋಗುತ್ತಿದ್ದರು. ಅದೇ ಲಿಕುಡ್ ಪಕ್ಷದ ಇನ್ನೊಬ್ಬ ನಾಯಕರು ಕಹಾನೆಯ ಶಿಷ್ಯನಿಗೆ ಕುರ್ಚಿ ಎಳೆದು ಕೊಟ್ಟರು.

ಇಷ್ಟಾದರೂ 7ಎ ಸೆಕ್ಷನ್ ಇತ್ತಲ್ಲ? ಇತ್ತು. ಇವರನ್ನು ನಿಲ್ಲಲು ಬಿಡಬೇಡಿ ಅಂತ 2019ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಕೋರ್ಟು ಮಾರ್ಚಿನಲ್ಲಿ ಬೆನ್-ಆರಿ ಅವರನ್ನು ಅನರ್ಹಗೊಳಿಸಿತು, ಆಗಸ್ಟಿನಲ್ಲಿ ಬಾರುಕ್ ಮಾರ್ಜೆಲ್ ಮತ್ತು ಬೆಂಟ್ಸಿ ಗೋಪ್‌ಸ್ಟೈನ್ ಅವರನ್ನೂ ಅನರ್ಹಗೊಳಿಸಿತು. ಎಲ್ಲರೂ ಒಂದೇ ಗರಡಿಯವರು. ಬೆನ್-ಗ್ವಿರ್ ಮಾತ್ರ ಉಳಿದುಕೊಂಡರು. ಉಳಿದವರು ಮನಸ್ಸಿಗೆ ಬಂದದ್ದನ್ನು ಕ್ಯಾಮೆರಾ ಮುಂದೆ ಹೇಳಿಬಿಟ್ಟಿದ್ದರು, ಇವರು ಹೇಳುವ ಮಾತನ್ನು ಅಳೆದು ತೂಗುತ್ತಿದ್ದರು. ಎಲ್ಲ ಅರಬರ ವಿರುದ್ಧ ಅಲ್ಲ, ದೇಶಕ್ಕೆ ನಿಷ್ಠೆ ಇಲ್ಲದವರ ವಿರುದ್ಧ ಅನ್ನುತ್ತಿದ್ದರು. ಸಭೆಯಲ್ಲಿ ಬೆಂಬಲಿಗರು 'ಅರಬರಿಗೆ ಸಾವು' ಅಂತ ಕೂಗಿದರೆ, ಹಾಗಲ್ಲ, 'ಭಯೋತ್ಪಾದಕರಿಗೆ ಸಾವು' ಅನ್ನಿ ಅಂತ ತಿದ್ದುತ್ತಿದ್ದರು. ಗುಂಪು ಅದೇ, ಸಿಟ್ಟೂ ಅದೇ. ಒಂದು ಪದ ಬದಲಾದರೆ ಕಾನೂನಿನ ಕೈಗೆ ಸಿಗುವುದಿಲ್ಲ. ವಕೀಲನ ಕಸುಬು ಇದು. 2020ರ ಜನವರಿಯಲ್ಲಿ ದೊಡ್ಡ ಮೈತ್ರಿಯೊಂದಕ್ಕೆ ಅಡ್ಡಿಯಾಗುತ್ತದೆ ಅಂತ ಗೋಲ್ಡ್‌ಸ್ಟೈನ್ ಫೋಟೊವನ್ನೂ ಗೋಡೆಯಿಂದ ಇಳಿಸಿದರು.

ಆಮೇಲೆ 2021ರ ಮೇ ತಿಂಗಳು ಬಂತು. ಆ ವರ್ಷದ ಮಾರ್ಚಿನಲ್ಲಷ್ಟೇ ಇನ್ನೊಬ್ಬ ಕಟ್ಟಾ ಬಲಪಂಥೀಯ ನಾಯಕ ಬೆಜಲೆಲ್ ಸ್ಮೋತ್ರಿಚ್ ಅವರ ಧಾರ್ಮಿಕ ಜಿಯೋನಿಸಂ ಪಟ್ಟಿಯಲ್ಲಿ ಗೆದ್ದು ಕ್ನೆಸೆಟ್‌ಗೆ ಕಾಲಿಟ್ಟಿದ್ದರು. ಗಾಜಾದಿಂದ ರಾಕೆಟ್ ಬೀಳುತ್ತಿದ್ದಾಗಲೇ ಲೋದ್, ರಾಮ್ಲೆ, ಆಕ್ರೆಯಂಥ ಊರುಗಳಲ್ಲಿ, ಅರಬರೂ ಯೆಹೂದಿಗಳೂ ಒಂದೇ ಬಿಲ್ಡಿಂಗಿನಲ್ಲಿ ವಾಸಿಸುವ ಊರುಗಳಲ್ಲಿ, ಗಲಭೆ ಹತ್ತಿಕೊಂಡಿತು. ಎರಡೂ ಕಡೆ ಜನ ಸತ್ತರು, ಯೆಹೂದಿ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು. ಪೊಲೀಸ್ ಮುಖ್ಯಸ್ಥ ಕೋಬಿ ಶಬ್ತಾಯ್ ಈ ಗಲಭೆಗೆ ಬೆನ್-ಗ್ವಿರ್ ಕಾರಣ ಅಂತ ಬೆರಳು ತೋರಿಸಿದರು. ಆದರೆ ಹೆದರಿದ ಯೆಹೂದಿ ಮತದಾರರಿಗೆ ಕಂಡದ್ದು ಬೇರೆ. ಪೊಲೀಸರು ನಮ್ಮನ್ನು ಕಾಯಲಿಲ್ಲ, ಈ ಮನುಷ್ಯ ನಮ್ಮ ಬೀದಿಗೆ ಬಂದ ಅಂತ. 2022ರ ಚುನಾವಣೆಗೆ ಅವರು ಇಟ್ಟುಕೊಂಡ ಘೋಷಣೆ, ಇಲ್ಲಿ ಮನೆ ಯಜಮಾನ ಯಾರು ಅನ್ನೋದು. ಮಧ್ಯಪ್ರಾಚ್ಯದಿಂದ ಬಂದ ಯೆಹೂದಿ ಕುಟುಂಬಗಳ ಯುವಕರು, ಸೈನಿಕರು, ದಕ್ಷಿಣದ ಬಡ ಪಟ್ಟಣಗಳವರು, ಧರ್ಮದ ಗೊಡವೆ ಅಷ್ಟಾಗಿ ಇಲ್ಲದವರು ಕೂಡ ಮತ ಹಾಕಿದರು. ಅವರೆಲ್ಲ ಜನಾಂಗ ದ್ವೇಷಿಗಳು ಅಂದುಬಿಟ್ಟರೆ ಸುಲಭ, ಆದರೆ ಅದು ನಿಜವಲ್ಲ. ರಾತ್ರಿ ಮಗಳು ಮನೆಗೆ ಬರುವ ತನಕ ಭಯ ಅನ್ನುವವರಿಗೆ ಬೇರೆ ಪಕ್ಷಗಳು ಕೊಟ್ಟ ಉತ್ತರ ತೀರಾ ಪೇಲವವಾಗಿತ್ತು.

2022ರ ನವೆಂಬರ್ 1ರಂದು ಸ್ಮೋತ್ರಿಚ್ ಮತ್ತು ಬೆನ್-ಗ್ವಿರ್ ಜಂಟಿ ಪಟ್ಟಿಗೆ ಶೇ. 10.8 ಮತ, 14 ಸೀಟು. ದೇಶದ ಮೂರನೇ ದೊಡ್ಡ ಪಟ್ಟಿ. ಎಡಪಂಥೀಯ ಮೆರೆಟ್ಸ್ ಶೇ. 3.16 ಪಡೆದು ಕೂದಲೆಳೆಯಲ್ಲಿ ಸೊನ್ನೆಗೆ ಬಿತ್ತು, ಅರಬ್ ಪಕ್ಷ ಬಲದ್ ಕೂಡ ಬಿತ್ತು. ಈ ಎರಡು ದಾಟಿದ್ದರೆ ನೆತನ್ಯಾಹು ಅವರ 64 ಸೀಟಿನ ಬಹುಮತ ಇರುತ್ತಲೇ ಇರಲಿಲ್ಲ. 2021ರ ಫೆಬ್ರವರಿಯಲ್ಲಿ ಬೆನ್-ಗ್ವಿರ್ ನನ್ನ ಸರ್ಕಾರದಲ್ಲಿ ಮಂತ್ರಿಯಾಗುವುದಿಲ್ಲ ಅಂತ ಟಿವಿಯಲ್ಲಿ ಹೇಳಿದ್ದ ನೆತನ್ಯಾಹು, 2022ರ ಡಿಸೆಂಬರ್ 29ರಂದು ಅವರಿಗೆ ಪೊಲೀಸ್ ಖಾತೆಯನ್ನೇ ಕೊಟ್ಟರು. ಹೆಸರು ಕೂಡ ದೊಡ್ಡದಾಯಿತು: ರಾಷ್ಟ್ರೀಯ ಭದ್ರತಾ ಸಚಿವಾಲಯ. ಅಧಿಕಾರ ಹೆಚ್ಚಿಸಲು ಪೊಲೀಸ್ ಕಾನೂನಿಗೆ ತಿದ್ದುಪಡಿಯೂ ಆಯಿತು.

ನಮ್ಮ ದೇಶದಲ್ಲಿ ಪೊಲೀಸರ ಮೇಲೆ ಮಂತ್ರಿಗಳ ಹಿಡಿತ ಎಷ್ಟಿರುತ್ತದೆ ಅಂತ ನೋಡಿರುವ ನಮಗೆ ಇದು ಅಂಥ ದೊಡ್ಡ ವಿಷಯ ಅನಿಸದೇ ಇರಬಹುದು. ಇಸ್ರೇಲಿನಲ್ಲಿ ಪೊಲೀಸ್ ಇರುವುದು ಇಡೀ ದೇಶಕ್ಕೆ ಒಂದೇ. ಪ್ರಧಾನಿಯ ಭ್ರಷ್ಟಾಚಾರದ ತನಿಖೆ ಮಾಡಿದ್ದೂ ಅದೇ ಪೊಲೀಸ್. ಆ ತನಿಖೆಯಲ್ಲಿದ್ದ ಅಧಿಕಾರಿಯೊಬ್ಬರ ಬಡ್ತಿಯನ್ನು ಬೆನ್-ಗ್ವಿರ್ ತಡೆದದ್ದು ಕೋರ್ಟಿನವರೆಗೂ ಹೋಯಿತು. 2023ರಲ್ಲಿ ನ್ಯಾಯಾಂಗದ ಅಧಿಕಾರ ಮೊಟಕುಗೊಳಿಸುವ ಮಸೂದೆಗಳ ವಿರುದ್ಧ ಟೆಲ್ ಅವೀವ್‌ನಲ್ಲಿ ವಾರ ವಾರ ಲಕ್ಷಗಟ್ಟಲೆ ಜನ ಸೇರುತ್ತಿದ್ದರು. ರಸ್ತೆ ತಡೆಯುವವರ ಮೇಲೆ ಬಲ ಪ್ರಯೋಗಿಸಿ ಅಂತ ಮಂತ್ರಿ ಒತ್ತಡ ಹಾಕುತ್ತಿದ್ದರು. ನಗರದ ಪೊಲೀಸ್ ಮುಖ್ಯಸ್ಥ ಅಮಿ ಎಶೆದ್ ಜುಲೈನಲ್ಲಿ ಕೆಲಸ ಬಿಟ್ಟರು. ಪ್ರತಿಭಟನಕಾರರ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಬಲ ಬಳಸದೇ ಇದ್ದದ್ದಕ್ಕೆ ನಾನು ಬೆಲೆ ತೆರುತ್ತಿದ್ದೇನೆ ಅಂತ ಅವರು ಹೇಳಿದರು. ರಸ್ತೆಯಲ್ಲಿ ಕೂತು ಪ್ರತಿಭಟಿಸುತ್ತಲೇ ಬೆಳೆದ ಮನುಷ್ಯ ಮಂತ್ರಿಯಾದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಇದೊಂದು.

ಹಾಗಾದರೆ ಅವರು ಮಾತು ಕೊಟ್ಟ ಭದ್ರತೆಯಾದರೂ ಬಂತಾ? ಅಂಕಿ ಅಂಶ ಹಾಗೆ ಹೇಳುವುದಿಲ್ಲ. ಇಸ್ರೇಲಿನ ಅರಬ್ ಸಮುದಾಯದಲ್ಲಿ ಗ್ಯಾಂಗುಗಳ ಹೊಡೆದಾಟದಿಂದ ನಡೆಯುವ ಕೊಲೆ ಬಹಳ ದಿನದ ಸಮಸ್ಯೆ. 2022ರಲ್ಲಿ ಈ ಸಮುದಾಯದಲ್ಲಿ ಕೊಲೆಯಾದವರು 116. ಬೆನ್-ಗ್ವಿರ್ ಮಂತ್ರಿಯಾದ ಮೊದಲ ವರ್ಷ 2023ರಲ್ಲಿ ಅದು 240 ದಾಟಿತು, ಆಮೇಲೂ ಹೆಚ್ಚೇನೂ ಇಳಿಯಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಇಸ್ರೇಲಿನದೇ ನಾಗರಿಕರು. ಅದೇ 2023ರ ಆಗಸ್ಟಿನಲ್ಲಿ ಅವರು ಟಿವಿಯಲ್ಲಿ, ಪಶ್ಚಿಮ ದಂಡೆಯ ರಸ್ತೆಗಳಲ್ಲಿ ಓಡಾಡುವ ನನ್ನ, ನನ್ನ ಹೆಂಡತಿ ಮಕ್ಕಳ ಹಕ್ಕು ಅರಬರ ಓಡಾಟದ ಹಕ್ಕಿಗಿಂತ ಮುಖ್ಯ ಅಂದರು. ಎದುರಿಗೆ ಕೂತಿದ್ದ ಪತ್ರಕರ್ತ ಮೊಹಮ್ಮದ್ ಮಗಾದ್ಲೆ ಕಡೆ ತಿರುಗಿ, ಕ್ಷಮಿಸು ಮೊಹಮ್ಮದ್, ವಾಸ್ತವ ಇದು ಅಂತ ಸೇರಿಸಿದರು. ಮಗಾದ್ಲೆ ಕೂಡ ಇಸ್ರೇಲಿ ಪ್ರಜೆ, ಪೊಲೀಸ್ ಮಂತ್ರಿ ರಕ್ಷಿಸಬೇಕಾದ ಪ್ರಜೆ.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತು, 251 ಮಂದಿ ಒತ್ತೆಯಾಳಾದ ಮೇಲೆ ಇಸ್ರೇಲಿನ ಮನಸ್ಥಿತಿಯೇ ಬದಲಾಯಿತು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಜನ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ, ಆ ದಿನಗಳಲ್ಲಿ ಅವರ ಮನೆಯವರು ಫೋನ್ ಕೈಯಲ್ಲೇ ಹಿಡಿದು ಕೂತಿದ್ದು ಕರಾವಳಿಯವರಿಗೆ ಗೊತ್ತಿದೆ. ಆ ಭಯ ನಿಜ, ನೋವೂ ನಿಜ. ಬೆನ್-ಗ್ವಿರ್ ಬಂದೂಕು ಲೈಸೆನ್ಸ್ ನಿಯಮ ಸಡಿಲಿಸಿದರು. 2024ರ ಮಾರ್ಚಿನ ಹೊತ್ತಿಗೆ ಒಂದು ಲಕ್ಷ ಹೊಸ ಲೈಸೆನ್ಸ್ ಕೊಟ್ಟಿದ್ದೇವೆ ಅಂತ ಹೆಮ್ಮೆಯಿಂದ ಹೇಳಿಕೊಂಡರು. ಅರ್ಹತೆ ಇಲ್ಲದ ಸಿಬ್ಬಂದಿ ಲೈಸೆನ್ಸ್ ಮಂಜೂರು ಮಾಡುತ್ತಿದ್ದಾರೆ ಎಂಬ ವಿವಾದದಲ್ಲಿ ಆ ವಿಭಾಗದ ಮುಖ್ಯಸ್ಥರು 2023ರ ಡಿಸೆಂಬರಿನಲ್ಲೇ ರಾಜೀನಾಮೆ ಕೊಟ್ಟಿದ್ದರು.

ಇನ್ನು ಜೈಲು. ಪ್ಯಾಲೆಸ್ಟೀನಿ ಕೈದಿಗಳಿಗೆ ಕಾನೂನು ಹೇಳುವ ಕನಿಷ್ಠಕ್ಕಿಂತ ಒಂದು ತುತ್ತೂ ಜಾಸ್ತಿ ಕೊಡುವುದಿಲ್ಲ ಅಂತ ಅವರು ಹೆಮ್ಮೆಯಿಂದಲೇ ಹೇಳುತ್ತಾ ಬಂದಿದ್ದಾರೆ. ಮಾನವ ಹಕ್ಕು ಸಂಸ್ಥೆಗಳು ಸುಪ್ರೀಂ ಕೋರ್ಟಿಗೆ ಹೋದವು. 2025ರ ಸೆಪ್ಟೆಂಬರ್ 7ರಂದು ಕೋರ್ಟು, ಕೈದಿಗಳಿಗೆ ಜೀವ ಹಿಡಿದುಕೊಳ್ಳುವಷ್ಟು ಊಟ ಸಿಗುತ್ತಿದೆ ಅನ್ನಲು ಆಗುವುದಿಲ್ಲ, ದಿನಕ್ಕೆ ಮೂರು ಹೊತ್ತು ಸಾಕಷ್ಟು ಊಟ ಕೊಡುವುದು ಸರ್ಕಾರದ ಕರ್ತವ್ಯ ಅಂತ ತೀರ್ಪು ಕೊಟ್ಟಿತು. ಗಾಜಾದಲ್ಲಿರುವ ನಮ್ಮ ಒತ್ತೆಯಾಳುಗಳನ್ನು ಕಾಯಲು ಸುಪ್ರೀಂ ಕೋರ್ಟ್ ಇಲ್ಲ ಅಂತ ಬೆನ್-ಗ್ವಿರ್ ಸಿಟ್ಟಾದರು. ಆ ಮಾತಿನ ಹಿಂದಿನ ಸಂಕಟ ಅರ್ಥವಾಗುತ್ತದೆ. ಒತ್ತೆಯಾಳುಗಳನ್ನು ಹಸಿವಿನಲ್ಲಿಟ್ಟ ಹಮಾಸ್ ಮಾಡಿದ್ದು ಮಹಾಪಾಪ. ಆದರೆ ಒಂದು ಕಾನೂನುಬದ್ಧ ಸರ್ಕಾರ ತನ್ನ ಜೈಲನ್ನು ಹಮಾಸ್‌ನ ಸುರಂಗಕ್ಕೆ ಹೋಲಿಸಿಕೊಂಡು ಅಳೆಯಬಾರದು. ದುಮಾ ಕೇಸಿನಲ್ಲಿ ಆರೋಪಿಗಳ ಪರ ನಿಂತ ವಕೀಲ ಬೆನ್-ಗ್ವಿರ್ ಅವರಿಗೆ ಇದು ಗೊತ್ತಿತ್ತು. ಕೂಡಿಹಾಕಿದವರನ್ನು ಹಿಂಸಿಸಬಾರದು ಅಂತ ಅವರೇ ವಾದಿಸಿದ್ದರು. ಸುಪ್ರೀಂ ಕೋರ್ಟಿನ ಆ ತೀರ್ಪಿಗೆ ಸುಮಾರು ಒಂದು ತಿಂಗಳ ಮುಂಚೆ, ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಜೈಲಿನಲ್ಲಿರುವ ಪ್ಯಾಲೆಸ್ಟೀನಿ ನಾಯಕ ಮರ್ವಾನ್ ಬರ್ಗೂತಿ ಎದುರು ನಿಂತು ಬೆದರಿಸುವ ಅವರ ವಿಡಿಯೊ ಹೊರಬಂದಿತ್ತು. ಬರ್ಗೂತಿ ಗುರುತು ಸಿಗದಷ್ಟು ಸೊರಗಿದ್ದರು.

ಅವರ ಇನ್ನೊಂದು ಮುಖ್ಯ ಬೇಡಿಕೆ ಗಲ್ಲು ಶಿಕ್ಷೆ. ಇಸ್ರೇಲಿನಲ್ಲಿ ಸಿವಿಲ್ ನ್ಯಾಯಾಲಯದ ತೀರ್ಪಿನಂತೆ ಗಲ್ಲಿಗೇರಿದ್ದು ಒಬ್ಬನೇ, ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್, 1962ರಲ್ಲಿ. ಭಯೋತ್ಪಾದಕರಿಗೆ ಗಲ್ಲು ಎಂಬ ಅವರ ಪಕ್ಷದ ಮಸೂದೆ 2025ರ ನವೆಂಬರ್ 10ರಂದು 39–16 ಮತಗಳಿಂದ ಮೊದಲ ಓದು ದಾಟಿತು. ಅವರು ಸಭೆಯಲ್ಲೇ ಬಕ್ಲಾವಾ ಸಿಹಿ ಹಂಚಿದರು. ಮಸೂದೆಯ ಮಾತುಗಳನ್ನು ಹೇಗೆ ಹೆಣೆದಿದ್ದಾರೆ ಅಂದರೆ, ಇಸ್ರೇಲ್ ರಾಷ್ಟ್ರಕ್ಕೆ, ಯೆಹೂದಿ ಜನರ ಪುನರುತ್ಥಾನಕ್ಕೆ ಹಾನಿ ಮಾಡುವ ಉದ್ದೇಶದ ಕೊಲೆ ಇದರ ವ್ಯಾಪ್ತಿಗೆ ಬರುತ್ತದೆ. ದುಮಾದ ಮಗುವನ್ನು ಕೊಂದವನು ಈ ಮಾತಿನೊಳಗೆ ಬರುವುದಿಲ್ಲ.

ಧರ್ಮದ ವಿಷಯವನ್ನೂ ಹೇಳಬೇಕು. ಹೊರಗಿನವರಿಗೆ ಇವರೇ ಧಾರ್ಮಿಕ ಯೆಹೂದಿಗಳ ಪ್ರತಿನಿಧಿ ಅನಿಸುತ್ತದೆ. ಹಾಗೇನಿಲ್ಲ. ಜೆರುಸಲೇಮಿನ ದೇವಾಲಯ ಬೆಟ್ಟದ, ಅಂದರೆ ಅಲ್-ಅಕ್ಸಾ ಆವರಣದ ವಿಷಯವನ್ನೇ ತೆಗೆದುಕೊಳ್ಳಿ. 1967ರಿಂದ ನಡೆದು ಬಂದ ಏರ್ಪಾಡಿನಂತೆ ಅಲ್ಲಿ ಪ್ರಾರ್ಥನೆ ಮುಸ್ಲಿಮರಿಗೆ, ಉಳಿದವರಿಗೆ ಭೇಟಿ ಮಾತ್ರ. ಮಂತ್ರಿಯಾಗಿ ಒಂದು ವಾರವೂ ಆಗುವ ಮೊದಲೇ, 2023ರ ಜನವರಿ 3ರಂದು ಬೆನ್-ಗ್ವಿರ್ ಅಲ್ಲಿಗೆ ಹೋದರು. 2025ರ ಆಗಸ್ಟ್ 3ರಂದು, ಎರಡು ದೇವಾಲಯಗಳ ನಾಶವನ್ನು ನೆನೆಯುವ ತಿಶಾ ಬ'ಆವ್ ಉಪವಾಸದ ದಿನ, ಬಹಿರಂಗವಾಗಿ ಪ್ರಾರ್ಥನೆಯನ್ನೇ ನಡೆಸಿದರು. ಆದರೆ ಇಸ್ರೇಲಿನ ಮುಖ್ಯ ರಬ್ಬಿಗಳ ಸಂಸ್ಥೆ ಹೇಳುವುದು ಯೆಹೂದಿಗಳು ಆ ಬೆಟ್ಟದ ಮೇಲೆ ಕಾಲಿಡಲೇಬಾರದು ಅಂತ. ಅಷ್ಟು ಪವಿತ್ರ ಜಾಗಕ್ಕೆ ಬೇಕಾದ ಶುದ್ಧಿ ಈ ಕಾಲದಲ್ಲಿ ಸಾಧ್ಯವಿಲ್ಲ ಎಂಬುದು ಅದರ ಕಾರಣ. ಅತ್ಯಂತ ಸಂಪ್ರದಾಯಸ್ಥ ಹರೇದಿ ಪಕ್ಷಗಳ ನಾಯಕರು, ಇವರ ಜೊತೆ ಸರ್ಕಾರದಲ್ಲಿದ್ದುಕೊಂಡೇ, ಈ ಭೇಟಿಗಳನ್ನು ಟೀಕಿಸಿದ್ದಾರೆ. ಮುಡಿ ಮೇಲೆ ದೊಡ್ಡ ಕಿಪ್ಪಾ (ಯೆಹೂದಿ ಟೋಪಿ) ಇದ್ದ ಮಾತ್ರಕ್ಕೆ ಇವರ ರಾಜಕೀಯವನ್ನು ಯೆಹೂದಿ ಧರ್ಮದ ತಲೆಗೆ ಕಟ್ಟುವುದು ಆ ಧರ್ಮಕ್ಕೆ ಮಾಡುವ ಅನ್ಯಾಯ.

2025ರಲ್ಲಿ ಅವರು ಒಮ್ಮೆ ಸರ್ಕಾರ ಬಿಟ್ಟು ಹೋದರು. ಜನವರಿ 19ರಂದು, ಗಾಜಾ ಕದನವಿರಾಮ ಒಪ್ಪದೆ. ಮಾರ್ಚಿನಲ್ಲಿ ಯುದ್ಧ ಮತ್ತೆ ಶುರುವಾದಾಗ ವಾಪಸ್ ಬಂದರು. ಜೂನ್ 10ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಾರ್ವೆ ಐದೂ ಸೇರಿ ಬೆನ್-ಗ್ವಿರ್ ಮತ್ತು ಸ್ಮೋತ್ರಿಚ್ ಇಬ್ಬರ ಮೇಲೂ ನಿರ್ಬಂಧ ಹೇರಿದವು. ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ಟೀನಿಯನ್ನರ ಮೇಲೆ ಹಿಂಸೆಗೆ ಪ್ರಚೋದನೆ ಕೊಟ್ಟದ್ದು ಕಾರಣ. ಇಂಥ ನಿರ್ಬಂಧದಿಂದ ಮನೆಯೊಳಗೆ ಅವರಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚು ಅಂತ ನನಗನ್ನಿಸುತ್ತದೆ. ಹೊರಗಿನವರು ನನ್ನನ್ನು ದ್ವೇಷಿಸುತ್ತಾರೆ ಅನ್ನೋದು ಅವರ ಬೆಂಬಲಿಗರಿಗೆ ಪ್ರಶಸ್ತಿ ಇದ್ದ ಹಾಗೆ.

ನಿಜವಾದ ತಡೆ ಒಳಗಿನಿಂದಲೇ ಬರುತ್ತಿದೆ. ತನಿಖೆಗಳ ನೀತಿಯಲ್ಲಿ ಮಂತ್ರಿ ಕೈಯಾಡಿಸಲು ದಾರಿ ಮಾಡಿಕೊಟ್ಟಿದ್ದ ಪೊಲೀಸ್ ಕಾನೂನಿನ ಭಾಗವನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ರದ್ದು ಮಾಡಿತು. ಅಟಾರ್ನಿ ಜನರಲ್ ಗಾಲಿ ಬಹಾರವ್-ಮಿಯಾರಾ 2024ರ ನವೆಂಬರಿನಲ್ಲೇ ಪ್ರಧಾನಿಗೆ ಪತ್ರ ಬರೆದು, ಈ ಸಚಿವರು ಪೊಲೀಸ್ ಕೆಲಸದಲ್ಲಿ ಕೈ ಹಾಕುತ್ತಿದ್ದಾರೆ, ಇವರನ್ನು ಮುಂದುವರಿಸುವ ಬಗ್ಗೆ ಮತ್ತೆ ಯೋಚಿಸಿ ಅಂದಿದ್ದರು. ಬೆನ್-ಗ್ವಿರ್ ಅವರನ್ನು ವಜಾ ಮಾಡಿ ಎಂಬ ಅರ್ಜಿಗಳೂ ಕೋರ್ಟಿಗೆ ಹೋದವು. ಅವರೋ ಅಟಾರ್ನಿ ಜನರಲ್ ಅವರನ್ನೇ ತೆಗೆಯಿರಿ ಅಂತ ಪಟ್ಟು ಹಿಡಿದಿದ್ದಾರೆ, ಸುಪ್ರೀಂ ಕೋರ್ಟಿನ ಅಧಿಕಾರ ಕತ್ತರಿಸಬೇಕು ಅನ್ನುವವರಲ್ಲಿ ಮುಂದಿನ ಸಾಲಿನಲ್ಲಿದ್ದಾರೆ. ಆದರೆ 2019ರಲ್ಲಿ ಅವರ ಸ್ಪರ್ಧಿಸುವ ಹಕ್ಕನ್ನು ಉಳಿಸಿದ್ದು ಇದೇ ಸುಪ್ರೀಂ ಕೋರ್ಟು. ಆಗ ಜನಪ್ರಿಯತೆ ನೋಡಿ ತೀರ್ಪು ಕೊಟ್ಟಿದ್ದರೆ, ಶೇ. 1.88 ಮತದ ಪಕ್ಷದ ನಾಯಕನನ್ನು ಹೊರಗಿಡಲು ಯಾವ ಕಷ್ಟವೂ ಇರಲಿಲ್ಲ.

ಕಾನೂನಿನ ಪ್ರಕಾರ ಮುಂದಿನ ಚುನಾವಣೆಗೆ ಕೊನೆಯ ದಿನ 2026ರ ಅಕ್ಟೋಬರ್ 27. ಆ ಚುನಾವಣೆಯಲ್ಲಿ ಬೆನ್-ಗ್ವಿರ್ ಎಷ್ಟು ಸೀಟು ಗೆಲ್ಲುತ್ತಾರೆ ಅನ್ನೋದಕ್ಕಿಂತ ನಾನು ಎರಡು ವಿಷಯ ನೋಡುತ್ತೇನೆ. 2025ರ ಸಮೀಕ್ಷೆಗಳಲ್ಲಿ ಶೇ. 3.25ರ ಗೆರೆಯ ಮೇಲೆ ತೂಗಾಡುತ್ತಿದ್ದ ಸ್ಮೋತ್ರಿಚ್ ಪಕ್ಷಕ್ಕೆ ಆಸರೆ ಕೊಡಲು ನೆತನ್ಯಾಹು ಮತ್ತೊಮ್ಮೆ ಇಬ್ಬರನ್ನೂ ಒಂದೇ ಪಟ್ಟಿಗೆ ತರುತ್ತಾರಾ ಅನ್ನೋದು ಒಂದು. ಇನ್ನೊಂದು, ಯಾರೇ 61 ಮುಟ್ಟಲಿ, ಪೊಲೀಸ್ ಖಾತೆಯನ್ನು ಯಾರ ಕೈಗೆ ಕೊಡುತ್ತಾರೆ ಅನ್ನೋದು.